ಕಿತ್ತುಕೊಳ್ಳುವ ಮಗುವಿಗೆ ಕೇಳುವುದನ್ನು ಕಲಿಸೋಣ

ಇಬ್ಬರು ಪುಟ್ಟ ಮಕ್ಕಳು, ಒಂದೇ ಒಂದು ಆಟದ ಕಾರು. ಒಂದು ಮಗು ತನ್ನ ಪಾಡಿಗೆ ತಾನು ಆಡುತ್ತಿದೆ, ಇನ್ನೊಂದು ಬಂದು ಕೈ ಹಾಕಿ ಎಳೆಯುತ್ತದೆ. ಆಗ ಸುತ್ತ ಕೂತ ದೊಡ್ಡವರ ಬಾಯಿಂದ ಬರುವ ಮೊದಲ ಮಾತು ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ. "ಕೊಟ್ಬಿಡು ಪುಟ್ಟ, ನೀನು ಜಾಣ ಅಲ್ವಾ? ಅವನು ಚಿಕ್ಕವನು." ಕಾರು ಕೈ ಬದಲಾಗುತ್ತದೆ. ಒಬ್ಬನ ಗಲಾಟೆ ನಿಲ್ಲುತ್ತದೆ, ಇನ್ನೊಬ್ಬನ ಅಳು ಶುರುವಾಗುತ್ತದೆ, ದೊಡ್ಡವರು ತಮ್ಮ ಮಾತುಕತೆ ಮುಂದುವರಿಸುತ್ತಾರೆ.

ಈಗ ಆ ಇಬ್ಬರೂ ಏನು ಕಲಿತರು ಅಂತ ಯೋಚಿಸಿ ನೋಡಿ. ಎಳೆದವನಿಗೆ, ಎಳೆದರೆ ಸಿಗುತ್ತದೆ ಅಂತ ಗೊತ್ತಾಯಿತು. ಆಡುತ್ತಿದ್ದವನಿಗೆ, ಯಾರಾದರೂ ಹತ್ತಿರ ಬಂದರೆ ನನ್ನ ಕೈಲಿರುವುದು ಹೋಗುತ್ತದೆ, ದೊಡ್ಡವರೂ ನನ್ನ ಕಡೆ ಇರುವುದಿಲ್ಲ ಅಂತ ಗೊತ್ತಾಯಿತು. ಮುಂದಿನ ಸಲ ಅವನು ಕಾರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ, ಪಕ್ಕಕ್ಕೆ ಬಂದವರನ್ನು ತಳ್ಳುತ್ತಾನೆ. ಆಗ ಅವನಿಗೆ ಹಠಮಾರಿ ಅಂತ ಹೆಸರು ಬೀಳುತ್ತದೆ. ಹಂಚಿಕೊಳ್ಳುವುದನ್ನು ಇಬ್ಬರೂ ಕಲಿಯಲಿಲ್ಲ.

2ರಿಂದ 5 ವರ್ಷದ ಮಕ್ಕಳ ಜೊತೆಯೇ ನನ್ನ ದಿನ ಕಳೆಯುವುದು, ಅದೇ ನನ್ನ ಕೆಲಸ. ಅಪ್ಪ ಅಮ್ಮಂದಿರು ಬಂದು ಕೇಳುವ ಪ್ರಶ್ನೆಗಳೂ ಬಹುತೇಕ ಇದರ ಸುತ್ತಲೇ ಇರುತ್ತವೆ. ಹೊಡೀತಾಳೆ, ಏನ್ ಮಾಡೋದು? ಯಾರ ಜೊತೇನೂ ಸೇರಲ್ಲ, ಏನ್ ಮಾಡೋದು? ಎಷ್ಟು ಹೇಳಿದ್ರೂ ಕೇಳಲ್ಲ! ನನಗೆ ಹೇಳಬೇಕಿರುವುದು ಒಂದೇ ವಿಷಯ. ಮಕ್ಕಳಿಗೆ ಇನ್ನೊಬ್ಬರ ಜೊತೆ ಸೇರುವ ಆಸೆ ಇರುತ್ತದೆ, ದಾರಿ ಗೊತ್ತಿರುವುದಿಲ್ಲ. ಆ ದಾರಿಯನ್ನು ಹೇಳಿಕೊಟ್ಟು, ಮಾಡಿ ತೋರಿಸಿ, ಮತ್ತೆ ಮತ್ತೆ ಮಾಡಿಸಬೇಕು. ನಡೆಯಲು ಕಲಿಯುವಾಗ ಬಿದ್ದ ಮಗುವನ್ನು ಯಾರೂ ಬೈಯುವುದಿಲ್ಲ, ಕೈ ಹಿಡಿದು ಎಬ್ಬಿಸುತ್ತೇವೆ. ತಳ್ಳಿದ ಮಗುವಿಗೂ ಕಿತ್ತುಕೊಂಡ ಮಗುವಿಗೂ ಬೇಕಾಗಿರುವುದು ಅದೇ ಕೈ.

ಮೊದಲು ವಯಸ್ಸಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ಜಗಳ ಅಲ್ಲೇ ಇರುತ್ತದೆ. ನಾವು 2 ವರ್ಷದ ಮಗುವಿನಿಂದ 6 ವರ್ಷದ ಮಗುವಿನ ನಡತೆ ಕೇಳುತ್ತೇವೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಅನ್ನುವವರು ಮಿನ್ನೆಸೋಟದ ಒಂದು ಶಿಶುಶಾಲೆಯಲ್ಲಿ ಕೂತು, ಮಕ್ಕಳು ಹೇಗೆ ಆಡುತ್ತಾರೆ ಅಂತ ನೋಡಿ 1932ರಲ್ಲಿ ಬರೆದರು. ಒಂಟಿಯಾಗಿ ಆಡುವುದು, ಬೇರೆಯವರ ಆಟ ನೋಡುತ್ತಾ ನಿಲ್ಲುವುದು, ಪಕ್ಕ ಪಕ್ಕ ಕೂತು ತಮ್ಮ ತಮ್ಮ ಆಟ ಆಡುವುದು, ಬೆರೆತು ಆಡುವುದು, ಆಮೇಲೆ ಒಂದೇ ಆಟಕ್ಕೆ ಎಲ್ಲರೂ ಸೇರಿ ನೀನಿದು ಮಾಡು ನಾನದು ಮಾಡ್ತೀನಿ ಅಂತ ಆಡುವುದು. ವಯಸ್ಸು ಹೆಚ್ಚಿದಂತೆ ಸೇರಿ ಆಡುವುದು ಜಾಸ್ತಿಯಾಗುತ್ತದೆ. ಇವತ್ತಿಗೂ ನಾನು ನೋಡುವುದು ಇದನ್ನೇ. 2 ವರ್ಷದ ಇಬ್ಬರು ಮಾತಿಲ್ಲದೆ ಪಕ್ಕ ಪಕ್ಕ ಕೂತು ತಮ್ಮ ತಮ್ಮ ಬ್ಲಾಕ್ ಜೋಡಿಸುತ್ತಿದ್ದರೆ ಆ ವಯಸ್ಸಿಗೆ ಅದು ಒಳ್ಳೆಯ ಜೊತೆಯೇ. "ಅವಳ ಜೊತೆ ಸೇರಿ ಆಡು" ಅಂತ ಮಧ್ಯೆ ಹೋಗಬೇಕಿಲ್ಲ. 5 ವರ್ಷದ ಮಗುವೂ ಒಂದಷ್ಟು ಹೊತ್ತು ಒಂಟಿಯಾಗಿ ಆಡಲಿ ಬಿಡಿ, ಅದರಲ್ಲಿ ತಪ್ಪೇನಿಲ್ಲ.

ಹೊಡೆಯುವುದಕ್ಕೂ ವಯಸ್ಸಿದೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮತ್ತು ಅವರ ಜೊತೆಯವರು ಮಕ್ಕಳನ್ನು ಎಳೆತನದಿಂದ ವರ್ಷಗಟ್ಟಲೆ ಗಮನಿಸಿದರು. ಮನುಷ್ಯರು ಅತಿ ಹೆಚ್ಚು ಕೈ ಎತ್ತುವುದು ಹದಿಹರೆಯದಲ್ಲಲ್ಲ, 2-3ನೇ ವರ್ಷದ ಆಸುಪಾಸಿನಲ್ಲಿ. ಆಮೇಲೆ ಬಹುತೇಕ ಮಕ್ಕಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ, ಯಾಕೆಂದರೆ ಮಾತು ಬರುತ್ತದೆ, ಕಾಯುವುದು ಬರುತ್ತದೆ, ಹೊಡೆಯದೆಯೂ ಕೆಲಸ ಆಗುತ್ತದೆ ಅಂತ ಗೊತ್ತಾಗುತ್ತದೆ. ನಮ್ಮನ್ನು ನಾವು ತಡೆದುಕೊಳ್ಳಲು ನೆರವಾಗುವ ಮಿದುಳಿನ ಮುಂಭಾಗ 20 ವರ್ಷ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. 3 ವರ್ಷದವಳಿಗೆ "ಹೊಡೀಬಾರದು" ಅನ್ನುವುದು ಬಾಯಿಪಾಠ ಇರುತ್ತದೆ. ಕೇಳಿದರೆ ಚೆನ್ನಾಗಿ ಹೇಳುತ್ತಾಳೆ. ಆದರೂ ಸಿಟ್ಟು ಬಂದ ಕ್ಷಣದಲ್ಲಿ ಕೈ ಮುಂದೆ ಹೋಗಿರುತ್ತದೆ. "ಎಲ್ಲಾ ಗೊತ್ತಿದ್ದೂ ಬೇಕಂತಲೇ ಮಾಡ್ತಾಳೆ" ಅಂತ ಹೇಳುವವರಿಗೆ ನಾನು ಇದನ್ನೇ ಹೇಳುವುದು. ನಿಯಮ ಗೊತ್ತಿರುವುದು ಬೇರೆ, ಸಿಟ್ಟಿನಲ್ಲಿ ಅದರಂತೆ ನಡೆಯಲು ಆಗುವುದು ಬೇರೆ.

ಸರಿ, ಹೇಳಿಕೊಡುವುದು ಅಂದರೆ ಹೇಗೆ?

ನಾವು ಮಕ್ಕಳಿಗೆ ದಿನವಿಡೀ ಹೇಳುವ ಮಾತುಗಳನ್ನು ಒಂದು ದಿನ ಸುಮ್ನೆ ಕೇಳಿಸಿಕೊಳ್ಳಿ. ಓಡಬೇಡ, ಮುಟ್ಟಬೇಡ, ಕಿರುಚಬೇಡ, ತಳ್ಳಬೇಡ, ಎಸೀಬೇಡ. ಇದರಲ್ಲಿ ಏನು ಮಾಡಬೇಕು ಅನ್ನುವುದೇ ಇಲ್ಲ. ದೊಡ್ಡವರಾದ ನಾವು "ಓಡಬೇಡ" ಅಂದರೆ ನಡೆಯಬೇಕು ಅಂತ ತಿಳಿದುಕೊಳ್ಳುತ್ತೇವೆ. ಪುಟ್ಟ ಮಗು ಆ ಎರಡನೇ ಹೆಜ್ಜೆಯನ್ನು ತಾನೇ ಯೋಚಿಸಿ ಹುಡುಕಬೇಕು, ಅದೂ ಓಡುತ್ತಿರುವಾಗ. ಅದರ ಬದಲು "ಒಳಗೆ ನಡ್ಕೊಂಡು ಬಾ" ಅನ್ನಿ. ಕಿರುಚುತ್ತಿದ್ದರೆ "ನನ್ನ ಕಿವೀಲಿ ಹೇಳು" ಅನ್ನಿ. ಬೆಕ್ಕಿನ ಬಾಲ ಎಳೆಯುತ್ತಿದ್ದರೆ, ಮಗುವಿನ ಅಂಗೈ ಹಿಡಿದು, "ಹೀಗೆ ಮೆತ್ತಗೆ ಸವರು" ಅಂತ ಮಾಡಿಸಿ. "ಸರಿಯಾಗಿರು", "ಒಳ್ಳೆ ಮಗು ಥರ ಇರು" ಅನ್ನುವುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ಸರಿಯಾಗಿರುವುದು ಅಂದರೆ ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು, ಬಾಯಲ್ಲಿ ಏನು ಹೇಳಬೇಕು? ಅಷ್ಟು ಬಿಡಿಸಿ ಹೇಳಬೇಕು. "ಬೇಡ" ಅನ್ನುವ ಮಾತನ್ನು ಅಪಾಯದ ಹೊತ್ತಿಗೆ ಎತ್ತಿಡಿ. ಬಿಸಿ ಪಾತ್ರೆ, ರಸ್ತೆ, ಮೆಟ್ಟಿಲು. ಅಪರೂಪಕ್ಕೆ ಬಂದರೆ ಅದಕ್ಕೆ ಬೆಲೆ ಇರುತ್ತದೆ.

ಮಾತಿನಷ್ಟೇ ಮುಖ್ಯ ಎಲ್ಲಿ ನಿಂತು ಹೇಳುತ್ತೇವೆ ಅನ್ನುವುದು. ಕೋಣೆಯ ಆ ಕಡೆಯಿಂದ ಕೂಗಿದ್ದು ಆಟದಲ್ಲಿ ಮುಳುಗಿದ ಮಗುವಿಗೆ ತಲುಪುವುದೇ ಇಲ್ಲ. ಎದ್ದು ಹೋಗಿ, ಪಕ್ಕ ಕೂತು, ಹೆಸರು ಹಿಡಿದು ಕರೆದು, ಮುಖ ನಿಮ್ಮ ಕಡೆ ತಿರುಗಿದ ಮೇಲೆ ಹೇಳಿ. ಹೇಳಿದ ಮೇಲೆ ಸುಮ್ಮನೆ ಕಾಯಿರಿ. ಇದು ತುಂಬಾ ಕಷ್ಟ, ನನಗೆ ಗೊತ್ತು. ಮಗು ಕೇಳಿದ್ದನ್ನು ಅರ್ಥ ಮಾಡಿಕೊಂಡು, ಮಾಡುತ್ತಿರುವುದನ್ನು ಬಿಟ್ಟು, ಹೊಸದನ್ನು ಶುರು ಮಾಡಲು ಕೆಲವು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ನಾವು ಅದೇ ಮಾತನ್ನು ಜೋರಾಗಿ ಮತ್ತೆ ಹೇಳಿ, ಇನ್ನೂ ಜೋರಾಗಿ ಹೇಳಿ, ಸಿಟ್ಟು ಮಾಡಿಕೊಂಡು ಮುಗಿಸಿರುತ್ತೇವೆ.

ಇನ್ನೊಂದು. ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳಬೇಡಿ. "ಈಗ ಆಟ ನಿಲ್ಲಿಸೋಣ್ವಾ?" ಅಂದರೆ ಮಗು "ಬೇಡ" ಅನ್ನುತ್ತದೆ, ಅದು ಸರಿಯಾದ ಉತ್ತರವೇ. ಆಮೇಲೆ ನಾವು ಎತ್ತಿಕೊಂಡು ಹೋದರೆ ಕೇಳಿದ್ದು ಯಾಕೆ? "ಇನ್ನೆರಡು ಸಲ ಜಾರು, ಆಮೇಲೆ ಹೊರಡೋದು" ಅಂತ ಮೊದಲೇ ಹೇಳಿ. ಅದರೊಳಗೆ ಒಂದು ನಿಜವಾದ ಆಯ್ಕೆ ಕೊಡಿ. "ಚಪ್ಪಲಿ ನೀನೇ ಹಾಕ್ಕೋತೀಯಾ, ನಾನು ಹಾಕ್ಲಾ?" ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಿಮಗೆ ಒಪ್ಪಿಗೆ ಇರಬೇಕು, ಅಷ್ಟೇ.

ಈಗ ಹಂಚಿಕೊಳ್ಳುವುದಕ್ಕೆ ಬರೋಣ. ನಾನು ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಬಲವಂತವಾಗಿ ಕೊಡಿಸುವುದನ್ನು ನಾವೆಲ್ಲ ಒಳ್ಳೆಯ ಸಂಸ್ಕಾರ ಅಂದುಕೊಂಡಿದ್ದೇವೆ.

ನಾನು ಮಾಡುವುದು ಹೀಗೆ. ಯಾರ ಕೈಲಿದೆಯೋ ಅವರ ಸರದಿ ಮುಗಿಯುವವರೆಗೂ ಅದು ಅವರದು. ಬೇಕು ಅಂತ ಬಂದ ಮಗುವಿನ ಕೈಯನ್ನು ಮೆತ್ತಗೆ ಹಿಡಿದು, "ನಿನಗೂ ಅದು ಬೇಕು. 'ನಿಂದು ಆದ್ಮೇಲೆ ನಂಗೆ ಕೊಡ್ತೀಯಾ' ಅಂತ ಕೇಳು" ಅನ್ನುತ್ತೇನೆ. ಮಾತು ಇನ್ನೂ ಬಾರದ ಮಗುವಾದರೆ ಅದರ ಪರವಾಗಿ ನಾನೇ ಕೇಳುತ್ತೇನೆ, ಅದರ ಅಂಗೈಯನ್ನು ಮುಂದೆ ಚಾಚಿಸಿ. ಹಿಡಿದುಕೊಂಡಿರುವ ಮಗುವಿಗೂ ಒಂದು ಮಾತು ಬೇಕಲ್ಲ, ಇಲ್ಲದಿದ್ದರೆ ಅದು ತಳ್ಳುತ್ತದೆ. "'ಇನ್ನೂ ಆಡ್ತಿದೀನಿ, ಆಮೇಲೆ ಕೊಡ್ತೀನಿ' ಅಂತ ಹೇಳು." ಇಷ್ಟೇ. ಎರಡು ವಾಕ್ಯ, ಇಬ್ಬರಿಗೂ ಒಂದೊಂದು. ಮೊದಮೊದಲು ನಾವು ಹೇಳಿಕೊಟ್ಟದ್ದನ್ನು ಹಾಗೆ ಹಾಗೇ ಒಪ್ಪಿಸುತ್ತಾರೆ. ಆಮೇಲೆ ಯಾವತ್ತೋ ಒಂದು ದಿನ ನೀವು ದೂರದಲ್ಲಿರುವಾಗ ಮೂಲೆಯಿಂದ "ನಿಂದು ಆದ್ಮೇಲೆ ನಂಗೆ" ಅಂತ ಕೇಳಿಸುತ್ತದೆ.

ದೊಡ್ಡವರ ನಿಜವಾದ ಕೆಲಸ ಶುರುವಾಗುವುದು ಇದಾದ ಮೇಲೆ. ಆ "ಆಮೇಲೆ" ನಿಜವಾಗಿಯೂ ಬರಬೇಕು. ಹಿಡಿದಿದ್ದ ಮಗು ಕಾರನ್ನು ಬಿಟ್ಟು ಬೇರೆ ಕಡೆ ಹೋದ ಕೂಡಲೇ, "ನಿಂದು ಆಯ್ತು, ಅವಳು ಕಾಯ್ತಿದ್ದಾಳೆ, ಹೋಗಿ ಕೊಟ್ಟು ಬಾ" ಅಂತ ಅದರ ಕೈಯಿಂದಲೇ ಕೊಡಿಸಬೇಕು. ಕಾಯುವ ಮಗುವನ್ನು ಸುಮ್ಮನೆ ಕೂರಿಸಿ ಮರೆಯಬಾರದು. ಅಷ್ಟು ಹೊತ್ತು ಮಾಡಲು ಏನಾದರೂ ಕೊಡಬೇಕು, ಕಾರು ಬಂದಾಗ ಬೇಕಾಗುವ ಸೇತುವೆ ಕಟ್ಟೋಣ ಬಾ ಅಂತಲೋ ಏನೋ. ಮಕ್ಕಳಿಗೆ ಕಾಯಲು ಬರುವುದಿಲ್ಲ ಅಂತ ನಾವು ಹೇಳುತ್ತೇವೆ. ಆದರೆ ದೊಡ್ಡವರ ಮಾತನ್ನು ನಂಬಬಹುದೋ ಇಲ್ಲವೋ ಅಂತಲೂ ಅವರು ನೋಡುತ್ತಿರುತ್ತಾರೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 28 ಪುಟ್ಟ ಮಕ್ಕಳಿದ್ದರು. ಚಿತ್ರ ಬರೆಯಲು ಒಳ್ಳೆಯ ಸಾಮಾನು ತರುತ್ತೇವೆ ಅಂತ ಹೇಳಿ, ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದ ಅರ್ಧ ಮಕ್ಕಳಿಗೆ "ಅಯ್ಯೋ, ಇಲ್ಲ" ಅಂತ ಬರಿಗೈಲಿ ಬಂದರು. ಆಮೇಲೆ ಒಂದು ಸಿಹಿ ಮುಂದಿಟ್ಟು, ಇದನ್ನು ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡವರು ಸುಮಾರು 3 ನಿಮಿಷ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ. "ಆಮೇಲೆ ಕೊಡ್ತಾನೆ" ಅಂತ ನಾವು ಹೇಳಿದ ಮೇಲೆ ಆ ಆಮೇಲೆ ಬಾರದೇ ಹೋದರೆ, ಮುಂದಿನ ಸಲ ಮಗು ಯಾಕೆ ಕಾಯಬೇಕು?

ಹಾಗಾದರೆ ಮಗು ತಾನಾಗಿಯೇ ಕೊಡುವುದು ಯಾವಾಗ? ಕೊಡದೆ ಇರಲೂಬಹುದು ಅನ್ನುವ ಅವಕಾಶ ಇದ್ದಾಗ. ನಾಡಿಯಾ ಚೆರ್ನ್ಯಾಕ್ ಮತ್ತು ತಮರ್ ಕುಶ್ನಿರ್ 2013ರಲ್ಲಿ 3-4 ವರ್ಷದ ಮಕ್ಕಳ ಜೊತೆ ಇದನ್ನೇ ನೋಡಿದರು. ಬೇಜಾರಿನಲ್ಲಿದ್ದ ಒಂದು ಗೊಂಬೆಗೆ ತಮ್ಮ ಸ್ಟಿಕ್ಕರ್ ಕೊಡಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದನ್ನು ಕೆಲವು ಮಕ್ಕಳಿಗೇ ಬಿಟ್ಟರು, ಕೆಲವರಿಗೆ ಕೊಡಲೇಬೇಕು ಅಂದರು. ತಾವೇ ಯೋಚಿಸಿ ಕೊಟ್ಟ ಮಕ್ಕಳು ಆಮೇಲೆ ಇನ್ನೊಂದು ಗೊಂಬೆ ಬಂದಾಗ ಹೆಚ್ಚು ಸ್ಟಿಕ್ಕರ್ ಹಂಚಿದರು. ತಾನೇ ಕೊಟ್ಟ ಮಗುವಿಗೆ ತಾನು ಕೊಡುವವನು ಅಂತ ಅನಿಸುತ್ತದೆ. ಬಲವಂತಕ್ಕೆ ಕೊಟ್ಟ ಮಗುವಿಗೆ ಹೇಗೆ ಅನಿಸೀತು?

ಸೇರಿ ಮಾಡಿದ ಕೆಲಸವೂ ಹಂಚಿಕೊಳ್ಳುವುದನ್ನು ಸುಲಭ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಇಬ್ಬಿಬ್ಬರು ಮಕ್ಕಳು ಸೇರಿ ಹಗ್ಗ ಎಳೆದು ಪುಟ್ಟ ಬಹುಮಾನಗಳನ್ನು ಹತ್ತಿರ ತಂದುಕೊಳ್ಳಬೇಕಿತ್ತು. ಒಬ್ಬರ ಮುಂದೆ 3 ಬಂದು ಬೀಳುತ್ತಿದ್ದವು, ಇನ್ನೊಬ್ಬರ ಮುಂದೆ 1. ಜೊತೆಯಾಗಿ ಎಳೆದಿದ್ದರೆ, 3 ವರ್ಷದ ಮಕ್ಕಳು ಎಷ್ಟೋ ಸಲ ಯಾರೂ ಹೇಳದೆಯೇ ಒಂದನ್ನು ದಾಟಿಸಿ ಇಬ್ಬರಿಗೂ 2 ಮಾಡಿಕೊಂಡರು. ಸುಮ್ಮನೆ ಸಿಕ್ಕಿದ್ದಾದರೆ ಅಷ್ಟು ಹಂಚಲಿಲ್ಲ. ಆದ್ದರಿಂದ "ಶೇರ್ ಮಾಡು" ಅಂತ ಹೇಳುವುದಕ್ಕಿಂತ ಇಬ್ಬರು ಸೇರಿದರೇ ಆಗುವ ಕೆಲಸ ಕೊಡುವುದು ನನಗೆ ಹೆಚ್ಚು ಇಷ್ಟ. ದೊಡ್ಡ ಪೆಟ್ಟಿಗೆಯನ್ನು ಆ ತುದಿ ಈ ತುದಿ ಹಿಡಿದು ಸಾಗಿಸುವುದು, ಒಬ್ಬರು ನೀರು ಹೊಯ್ಯುವುದು ಇನ್ನೊಬ್ಬರು ಪಾತ್ರೆ ಹಿಡಿಯುವುದು, ಚಾದರ ಮಡಿಸುವುದು. ಒಂದು ಮಾತು ಮರೆಯುವ ಮೊದಲು ಹೇಳುತ್ತೇನೆ, ಮಗುವಿಗೆ ತುಂಬಾ ಪ್ರೀತಿಯ ಗೊಂಬೆ ಇದ್ದರೆ ಬೇರೆ ಮಕ್ಕಳು ಬರುವ ಮೊದಲು ಅದನ್ನು ಒಳಗೆ ಎತ್ತಿಡಿ. "ಇದು ನಿಂದೇ, ಉಳಿದದ್ದು ಎಲ್ಲರಿಗೂ." ನಾವೂ ನಮ್ಮ ಫೋನನ್ನು ಬಂದವರಿಗೆಲ್ಲ ಕೊಡುವುದಿಲ್ಲ ಅಲ್ವಾ?

ಇನ್ನು ಹೊಡೆಯುವುದು, ಕಚ್ಚುವುದು.

ಮೊದಲು ಕೈ ತಡೆಯಿರಿ. ದೂರದಿಂದ ಮಾತಾಡಿ ಪ್ರಯೋಜನವಿಲ್ಲ, ಇಬ್ಬರ ಮಧ್ಯೆ ನಿಮ್ಮ ದೇಹ ಇರಬೇಕು. "ಹೊಡೆಯೋಕೆ ನಾನು ಬಿಡಲ್ಲ" ಅಂತ ಗಟ್ಟಿಯಾಗಿ, ಆದರೆ ಕೂಗದೆ ಹೇಳಿ. ಆಮೇಲೆ ಪೆಟ್ಟು ತಿಂದ ಮಗುವಿನ ಹತ್ತಿರ ಹೋಗಿ. ನಾವು ಸಾಮಾನ್ಯವಾಗಿ ಹೊಡೆದವನ ಮೇಲೆ ಮುಗಿಬೀಳುತ್ತೇವೆ, ಅಳುವ ಮಗು ಒಂಟಿಯಾಗಿ ನಿಂತಿರುತ್ತದೆ. ಎಲ್ಲರ ಗಮನ ಹೊಡೆದವನಿಗೇ ಸಿಗುತ್ತದೆ. ಪೆಟ್ಟು ಬಿದ್ದವಳನ್ನು ಸಮಾಧಾನ ಮಾಡಿ, ಅವಳಿಗೂ ಒಂದು ಮಾತು ಹೇಳಿಕೊಡಿ. "'ನಿಲ್ಲಿಸು, ನಂಗೆ ನೋವಾಗ್ತಿದೆ' ಅಂತ ಹೇಳು." ಮೆತ್ತಗಿನ ಮಕ್ಕಳಿಗೆ ಗಟ್ಟಿಯಾಗಿ ಇದನ್ನು ಹೇಳುವ ಅಭ್ಯಾಸ ಮಾಡಿಸಲೇಬೇಕು. ಜಗಳದ ವಿಷಯ ಬಂದಾಗ ನಾವು ಈ ಮಕ್ಕಳನ್ನು ಪೂರ್ತಿ ಮರೆತುಬಿಡುತ್ತೇವೆ.

ಹೊಡೆದ ಮಗುವಿನ ಜೊತೆ ಮಾತಾಡುವುದು ಅದರ ಉಸಿರು ತಹಬದಿಗೆ ಬಂದ ಮೇಲೆ. ರಂಪದ ನಡುವೆ ಪಾಠ ಹತ್ತುವುದಿಲ್ಲ. ಪಕ್ಕ ಕೂರಿ, ಬೇಕಾದರೆ ತೊಡೆ ಮೇಲೆ ಕೂರಿಸಿಕೊಳ್ಳಿ. "ಅವಳು ನೀನು ಕಟ್ಟಿದ್ದನ್ನು ಬೀಳಿಸಿದಳು, ನಿಂಗೆ ಸಿಟ್ಟು ಬಂತು" ಅಂತ ಆದದ್ದನ್ನು ಹೇಳಿ. ಸಿಟ್ಟು ಬರುವುದು ತಪ್ಪಲ್ಲ. ಸಿಟ್ಟು ಬಂದಾಗ ಏನು ಮಾಡಬಹುದು ಅನ್ನುವುದನ್ನು ತೋರಿಸಿ. ಕಾಲಿನಿಂದ ನೆಲ ತುಳಿ, ನನ್ನನ್ನು ಕೂಗು, "ನಂಗೆ ಸಿಟ್ಟು ಬಂದಿದೆ" ಅಂತ ಜೋರಾಗಿ ಹೇಳು. ಇದನ್ನೆಲ್ಲ ಜಗಳ ಇಲ್ಲದ ಹೊತ್ತಿನಲ್ಲಿ ಗೊಂಬೆಗಳನ್ನಿಟ್ಟುಕೊಂಡು ಆಡಿಸಿದರೆ ಇನ್ನೂ ಒಳ್ಳೆಯದು. ಎರಡು ಗೊಂಬೆ ಜಗಳ ಆಡಲಿ, ಏನು ಮಾಡಬಹುದು ಅಂತ ಮಗುವೇ ಹೇಳಲಿ. ಎಷ್ಟು ಚೆನ್ನಾಗಿ ಹೇಳುತ್ತಾರೆ ಗೊತ್ತಾ!

ಪದೇ ಪದೇ ಕಚ್ಚುವ, ಹೊಡೆಯುವ ಮಗು ಇದ್ದರೆ ಒಂದು ವಾರ ಬರೆದಿಟ್ಟು ನೋಡಿ. ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಜೊತೆ, ಅದಕ್ಕೆ ಮೊದಲು ಏನಾಯಿತು. ಬಹಳ ಸಲ ಬರೆದದ್ದೇ ಉತ್ತರ ಹೇಳುತ್ತದೆ. ಊಟಕ್ಕೆ ಮುಂಚೆ, ನಿದ್ದೆಯ ಹೊತ್ತಿಗೆ, ಸಣ್ಣ ಜಾಗದಲ್ಲಿ ಜಾಸ್ತಿ ಮಕ್ಕಳು ಸೇರಿದಾಗ, ಒಂದು ಆಟ ನಿಲ್ಲಿಸಿ ಇನ್ನೊಂದಕ್ಕೆ ಹೋಗುವಾಗ. ಹಾಗಿದ್ದರೆ ಬದಲಿಸಬೇಕಾದದ್ದು ಮಗುವನ್ನಲ್ಲ, ಹೊತ್ತನ್ನೋ ಜಾಗವನ್ನೋ. ಊಟ ಸ್ವಲ್ಪ ಬೇಗ ಹಾಕಿ, ಒಂದೇ ಥರದ ಆಟಿಕೆ ಎರಡು ಮೂರು ಇಡಿ, ಕಟ್ಟುವ ಆಟವನ್ನು ಓಡಾಡುವ ದಾರಿಯಿಂದ ಪಕ್ಕಕ್ಕೆ ಸರಿಸಿ. ಹಲ್ಲು ಬರುತ್ತಿರುವ ಮಗುವಿಗೆ ಕಚ್ಚಲು ಬೇರೆ ಏನಾದರೂ ಕೊಡಿ. ಕಚ್ಚಿದ ಮಗುವಿಗೆ ನೋವು ಗೊತ್ತಾಗಲಿ ಅಂತ ತಿರುಗಿ ಕಚ್ಚುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ದೊಡ್ಡವರೂ ಕಚ್ಚುತ್ತಾರೆ ಅನ್ನುವುದೊಂದೇ ಅದರಿಂದ ಮಗುವಿಗೆ ಗೊತ್ತಾಗುವುದು.

ಈಗ ಸಾರಿ ಹೇಳಿಸುವ ವಿಷಯ. "ಸಾರಿ ಹೇಳು. ಹೇಳು. ಹೇಳಿದ್ರೇ ಬಿಡೋದು." ಮಗು ನೆಲ ನೋಡುತ್ತಾ ಹೇಳುತ್ತದೆ, ಬಿಡುಗಡೆ ಸಿಗುತ್ತದೆ, ಎರಡು ನಿಮಿಷದಲ್ಲಿ ಮತ್ತೆ ತಳ್ಳಿ ತಾನೇ ಸಾರಿ ಅಂದು ಓಡುತ್ತದೆ. ಅದಕ್ಕಿಂತ ಸರಿಪಡಿಸುವುದನ್ನು ಕಲಿಸೋಣ. "ನೋಡು, ಅವಳು ಅಳ್ತಿದ್ದಾಳೆ. ಮೊಣಕಾಲು ಕೆಂಪಾಗಿದೆ. ಅವಳಿಗೆ ಏನು ಮಾಡಿದ್ರೆ ಸಮಾಧಾನ ಆಗಬಹುದು?" ಒದ್ದೆ ಬಟ್ಟೆ ತಂದುಕೊಡುವುದು, ಬಿದ್ದ ಬ್ಲಾಕ್‌ಗಳನ್ನು ಮತ್ತೆ ಜೋಡಿಸಿಕೊಡುವುದು, ಅವಳ ಗೊಂಬೆ ತಂದು ಕೈಗಿಡುವುದು. ಮಗು ಇದನ್ನು ಮನಸ್ಸಿಟ್ಟು ಮಾಡುತ್ತದೆ, ಯಾಕೆಂದರೆ ಮಾಡಲು ಒಂದು ಕೆಲಸ ಇದೆ. ಆ ಹೊತ್ತಿಗೆ ಅದಕ್ಕೆ ಮನಸ್ಸಿಲ್ಲದಿದ್ದರೆ ನಾವು ಮಾಡೋಣ, ಮಗು ನೋಡಲಿ. ಸಾರಿ ಅನ್ನುವ ಮಾತು ನಮ್ಮ ಬಾಯಿಂದ ಕೇಳಿ ಕೇಳಿ ತಾನಾಗಿ ಬರುತ್ತದೆ. ನಾವು ಮಕ್ಕಳಿಗೆ ಸಾರಿ ಹೇಳಬೇಕು, ಹಾಗೆ ಬರಬೇಕಾದರೆ.

ಹೊಗಳಿಕೆ ಮತ್ತು ಬಹುಮಾನದ ಬಗ್ಗೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಬೈಯುವುದು ಬೇಡ ಅಂತ ತೀರ್ಮಾನಿಸಿದವರು ಎಷ್ಟೋ ಸಲ ನೇರವಾಗಿ ಸ್ಟಿಕ್ಕರ್, ಚಾಕಲೇಟಿನ ಕಡೆ ಹೋಗುತ್ತಾರೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್ ಮತ್ತು ಜೊತೆಯವರು, ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂದರು. ಕೊಟ್ಟರು ಕೂಡ. ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರ ಬರೆಯಲು ಕೂತದ್ದು ಉಳಿದ ಮಕ್ಕಳ ಸುಮಾರು ಅರ್ಧದಷ್ಟು ಸಮಯ ಮಾತ್ರ. ಇನ್ನೊಬ್ಬರಿಗೆ ನೆರವಾಗುವುದರಲ್ಲೂ ಹೀಗೇ ಆಗುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ 2006ರಲ್ಲಿ ತೋರಿಸಿದ್ದು ಏನೆಂದರೆ, ಕೈಜಾರಿ ಬಿದ್ದ ವಸ್ತುವಿಗಾಗಿ ದೊಡ್ಡವರು ಕೈಚಾಚಿ ಒದ್ದಾಡುತ್ತಿದ್ದರೆ 18 ತಿಂಗಳ ಮಗುವೇ ಎದ್ದು ಹೋಗಿ ಎತ್ತಿಕೊಡುತ್ತದೆ, ಯಾರೂ ಕೇಳಬೇಕಿಲ್ಲ. 2008ರಲ್ಲಿ ಅವರೇ 20 ತಿಂಗಳ ಮಕ್ಕಳಿಗೆ ನೆರವಾದಾಗಲೆಲ್ಲ ಬಹುಮಾನ ಕೊಟ್ಟು ನೋಡಿದರು. ಬಹುಮಾನ ನಿಂತ ಮೇಲೆ ಆ ಮಕ್ಕಳು ನೆರವಾಗುವುದು ಕಡಿಮೆಯಾಯಿತು. ಬರೀ ಹೊಗಳಿಕೆ ಸಿಕ್ಕ ಮಕ್ಕಳಲ್ಲಿ, ಏನೂ ಸಿಗದ ಮಕ್ಕಳಲ್ಲಿ ಹಾಗಾಗಲಿಲ್ಲ. ಮಗುವಿಗೆ ಸೇರುವ ಆಸೆ ಇರುತ್ತದೆ ಅಂತ ನಾನು ಮೇಲೆ ಹೇಳಿದ್ದು ಇದನ್ನೇ. ಅದಕ್ಕೆ ಬೆಲೆ ಕಟ್ಟಿ ಯಾಕೆ ಕೆಡಿಸಬೇಕು?

ಹೊಗಳಬಾರದು ಅಂತಲ್ಲ. ನೋಡಿದ್ದನ್ನು ಹೇಳಿ. "ಅವನಿಗೆ ಜಾಗ ಇರಲಿಲ್ಲ, ನೀನು ಸರಿದು ಕೂತೆ. ಈಗ ಅವನೂ ಕೂತ." "ಜಾಣ ಮರಿ" ಅನ್ನುವುದಕ್ಕಿಂತ ಇದು ಉದ್ದ, ಆದರೆ ಏನು ಮಾಡಿದ್ದರಿಂದ ಏನಾಯಿತು ಅಂತ ಮಗುವಿಗೆ ಗೊತ್ತಾಗುತ್ತದೆ. ಇಡೀ ದಿನ ಗಲಾಟೆ ಮಾಡುವ ಮಗುವೂ ದಿನಕ್ಕೆ ಹತ್ತಾರು ಸಲ ತಳ್ಳದೆ ಕಾದಿರುತ್ತದೆ, ಪಕ್ಕಕ್ಕೆ ಸರಿದಿರುತ್ತದೆ. ನಾವು ನೋಡಿರುವುದಿಲ್ಲ, ಅಷ್ಟೇ. ಆ ಮಗುವಿನ ಮೇಲೆ ಕಣ್ಣಿಡುವುದಾದರೆ ಅದಕ್ಕಾಗಿ ಇಡಿ.

ದಂಡಂ ದಶಗುಣಂ ಅಂತ ಈಗಲೂ ಹೇಳುವವರಿದ್ದಾರೆ. ನಾಲ್ಕು ಏಟು ತಿಂದೇ ನಾವು ಬೆಳೆದದ್ದು, ಏನಾಯ್ತು ಅನ್ನುತ್ತಾರೆ. 2016ರಲ್ಲಿ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಹಿಂದಿನ 50 ವರ್ಷಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು, ಸುಮಾರು 1 ಲಕ್ಷ 60 ಸಾವಿರ ಮಕ್ಕಳ ವಿಷಯ. ಏಟು ಜಾಸ್ತಿ ತಿಂದ ಮಕ್ಕಳಲ್ಲಿ ಹೊಡೆದಾಟವೂ ಹಟವೂ ಜಾಸ್ತಿಯೇ ಇತ್ತು, ಕಡಿಮೆ ಇರಲಿಲ್ಲ. ಅದಕ್ಕೂ ಬಹಳ ಹಿಂದೆ, 1961ರಲ್ಲಿ, ಆಲ್ಬರ್ಟ್ ಬಂಡೂರ ಸ್ಟ್ಯಾನ್‌ಫರ್ಡ್‌ನಲ್ಲಿ 72 ಮಕ್ಕಳ ಜೊತೆ ಮಾಡಿದ ಪ್ರಯೋಗ ನಿಮಗೂ ಗೊತ್ತಿರಬಹುದು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಬಡಿಯುವುದನ್ನು ಕಂಡ ಮಕ್ಕಳು, ತಮಗೆ ಅವಕಾಶ ಸಿಕ್ಕಾಗ ಅದೇ ಥರ, ಅದೇ ಮಾತು ಹೇಳುತ್ತಾ ಬಡಿದರು. "ಹೊಡೀತೀಯಾ? ಹೊಡೀತೀಯಾ?" ಅಂತ ಹೊಡೆಯುವ ನಮ್ಮಿಂದ ಮಗು ಏನು ಕಲಿಯುತ್ತದೆ ಅಂತ ಬೇರೆ ಹೇಳಬೇಕಾ?

ಹೊಡೆಯಬಾರದು ಅಂದರೆ ಎಲ್ಲ ಬಿಟ್ಟುಬಿಡಬೇಕು ಅಂತ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲೇ ಅಪ್ಪ ಅಮ್ಮಂದಿರ ರೀತಿಗಳನ್ನು ಬಿಡಿಸಿ ಹೇಳುವಾಗ ಬರೀ ಗದರುವವರನ್ನೂ ಬರೀ ಬಿಟ್ಟುಬಿಡುವವರನ್ನೂ ಬೇರೆ ಬೇರೆ ಇಟ್ಟು, ಪ್ರೀತಿಯೂ ಗಟ್ಟಿತನವೂ ಎರಡೂ ಇರುವವರ ಮಕ್ಕಳು ಹೆಚ್ಚು ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಅಂತ ತೋರಿಸಿದ್ದರು. ಗೆರೆ ಇರಲಿ. ಮರಳು ಎಸೆದರೆ ಎಸೆಯುವ ಕೈಯನ್ನು ಹಿಡಿದು "ಮರಳು ಕೆಳಗೇ ಇರಬೇಕು, ಬಕೆಟ್ಟಿಗೆ ಹಾಕು" ಅನ್ನಿ. ಮತ್ತೆ ಎಸೆದರೆ ಮರಳಿನಿಂದ ಆಚೆ ಕರೆದುಕೊಂಡು ಬನ್ನಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ. ಆದದ್ದಕ್ಕೂ ನಾವು ಮಾಡುವುದಕ್ಕೂ ಸಂಬಂಧ ಇರಬೇಕು. ಮರಳು ಎಸೆದದ್ದಕ್ಕೆ ಸಂಜೆ ಕತೆ ಹೇಳುವುದಿಲ್ಲ ಅಂದರೆ 3 ವರ್ಷದ ತಲೆಗೆ ಎರಡರ ಸಂಬಂಧ ಹೊಳೆಯುವುದಿಲ್ಲ.

ಇನ್ನೊಂದು ಥರದ ಮಗು ಇರುತ್ತದೆ. ಯಾರನ್ನೂ ಹೊಡೆಯುವುದಿಲ್ಲ, ಆಟದ ಅಂಚಿನಲ್ಲಿ ನಿಂತು ನೋಡುತ್ತಿರುತ್ತದೆ. "ಹೋಗು, 'ನನ್ನನ್ನೂ ಸೇರಿಸ್ಕೊಳ್ತೀರಾ' ಅಂತ ಕೇಳು" ಅಂತ ನಾವು ಬೆನ್ನು ತಳ್ಳುತ್ತೇವೆ. ಆಟದ ಮಧ್ಯೆ ಹಾಗೆ ಕೇಳಿದರೆ ಸಿಗುವ ಉತ್ತರ ಬಹಳ ಸಲ "ಇಲ್ಲ". ಸಲೀಸಾಗಿ ಸೇರಿಕೊಳ್ಳುವ ಮಕ್ಕಳನ್ನು ಗಮನಿಸಿ, ಅವರು ಕೇಳುವುದೇ ಇಲ್ಲ! ಸ್ವಲ್ಪ ಹೊತ್ತು ನೋಡುತ್ತಾರೆ, ಪಕ್ಕದಲ್ಲಿ ಕೂತು ಅದನ್ನೇ ಮಾಡತೊಡಗುತ್ತಾರೆ, ಆಮೇಲೆ ಆ ಆಟಕ್ಕೆ ಬೇಕಾದ ಏನನ್ನೋ ತಂದು ಕೊಡುತ್ತಾರೆ. ಅಂಗಡಿ ಆಟ ನಡೆಯುತ್ತಿದ್ದರೆ "ಸಾಮಾನು ತಂದಿದೀನಿ" ಅಂತ ಒಂದು ಚೀಲ ಹಿಡಿದು ಬರುತ್ತಾರೆ. ನಾಚಿಕೆಯ ಮಗುವಿಗೆ ಕಲಿಸಬೇಕಾದದ್ದು ಇದನ್ನೇ. ಜೊತೆಯಲ್ಲಿ ನಿಂತು "ಅವರು ಏನು ಆಡ್ತಿದ್ದಾರೆ? ಅಲ್ಲಿ ಇನ್ನೂ ಏನು ಬೇಕಾಗಬಹುದು?" ಅಂತ ಕೇಳಿ. ಅದರ ಕೈಗೆ ಚೀಲ ಕೊಡಿ. ಬೇಕಾದರೆ ನೀವೂ ಗಿರಾಕಿಯಾಗಿ ಹೋಗಿ, ಆಟ ಹತ್ತಿದ ಮೇಲೆ ಎದ್ದು ಬನ್ನಿ. ಬಂದವರ ಮುಂದೆ "ಇವನು ತುಂಬಾ ನಾಚಿಕೆ" ಅಂತ ಹೇಳುವುದನ್ನು ಮಾತ್ರ ನಿಲ್ಲಿಸಿ, ಮಗು ಕೇಳಿಸಿಕೊಳ್ಳುತ್ತಿರುತ್ತದೆ. "ಅವನು ಸ್ವಲ್ಪ ಹೊತ್ತು ನೋಡಿ ಆಮೇಲೆ ಸೇರ್ತಾನೆ" ಅಂದರೆ ಸಾಕು.

ಇದೆಲ್ಲ ಮಾಡಿಯೂ ತಿಂಗಳುಗಟ್ಟಲೆ ಏನೂ ಬದಲಾಗದಿದ್ದರೆ, ಮಗು ತನ್ನ ವಯಸ್ಸಿನವರಷ್ಟು ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ಬಂದ ಮಾತು ನಿಂತುಹೋದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಕಿವಿ ಪರೀಕ್ಷೆ ಮಾಡಿಸಿ. ಹಠಮಾರಿ ಅನಿಸಿಕೊಂಡ ಮಗುವಿಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ ಅನ್ನುವುದು ಆಗುತ್ತದೆ. ಬೇಗ ತೋರಿಸಿದಷ್ಟೂ ಒಳ್ಳೆಯದು. ದೊಡ್ಡವನಾದ ಮೇಲೆ ಸರಿ ಹೋಗುತ್ತಾನೆ ಅಂತ ಕೂರಬೇಡಿ.

ಕೊನೆಯದಾಗಿ, ನೋಡುವವರ ವಿಷಯ. ನಾವು ಮಕ್ಕಳಿಗೆ ಬೈಯುವುದರಲ್ಲಿ ದೊಡ್ಡ ಪಾಲು ಮಗುವಿಗಾಗಿ ಅಲ್ಲ, ಪಕ್ಕದಲ್ಲಿ ನಿಂತಿರುವ ದೊಡ್ಡವರಿಗಾಗಿ. ನನ್ನ ಮಗು ಅವರ ಮಗುವನ್ನು ತಳ್ಳಿದ್ದು ಅವರು ನೋಡಿದರು, ನಾನು ಬೈಯದಿದ್ದರೆ ಏನಂದುಕೊಳ್ಳುತ್ತಾರೋ ಅಂತ ಮುಖ ಬಿಸಿಯಾಗುತ್ತದೆ. ಅದಕ್ಕೆ ನಾನು ಅಪ್ಪ ಅಮ್ಮಂದಿರಿಗೆ ಒಂದು ವಾಕ್ಯ ಮೊದಲೇ ತಯಾರಿಟ್ಟುಕೊಳ್ಳಿ ಅನ್ನುತ್ತೇನೆ. "ನಿಮ್ಮ ಮಗುಗೆ ಪೆಟ್ಟಾಯ್ತಾ? ಒಂದು ನಿಮಿಷ, ನಾನು ಇವಳ ಜೊತೆ ಮಾತಾಡಿ ಬರ್ತೀನಿ." ಅಷ್ಟು ಹೇಳಿ ಮಗುವಿನ ಕಡೆ ತಿರುಗಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಮಗು ಮಲಗಿದ ಮೇಲೆ ಕೂತು, ಹೊಡೆದಾಗ ಎಲ್ಲರೂ ಹೇಳುವ ಮಾತು ಯಾವುದು, ಕಿತ್ತುಕೊಂಡಾಗ ಯಾವುದು ಅಂತ ಎರಡು ಮಾತು ಒಪ್ಪಿಕೊಳ್ಳಿ. ಎಲ್ಲದರಲ್ಲೂ ಒಂದೇ ಅಭಿಪ್ರಾಯ ಬರುವುದಿಲ್ಲ, ಬರಬೇಕಂತಲೂ ಇಲ್ಲ. ಆ ಎರಡು ಮಾತು ಎಲ್ಲರ ಬಾಯಲ್ಲೂ ಒಂದೇ ಥರ ಬಂದರೆ ಮಗುವಿಗೆ ಬಹಳ ಸುಲಭವಾಗುತ್ತದೆ. ನಿಮ್ಮ ಮನೆಯಲ್ಲಿ ಯಾವ ಮಾತು ಕೆಲಸ ಮಾಡಿತು ಅಂತ ನನಗೂ ಬರೆದು ತಿಳಿಸಿ, ನಾನು ನನ್ನ ಮಕ್ಕಳ ಜೊತೆ ಮಾಡಿ ನೋಡುತ್ತೇನೆ.